ಎಚ್‌ಓ ಬೋಗಿಯ ದೀಪ ಮಿಟುಕುತ್ತೆ, ಇಂಜಿನ್ ಸದ್ದು ತಗಡಿನ ಡಬ್ಬದ ಹಾಗಿದೆ: ತಪ್ಪು ಎಲ್ಲಿ?

ಲೂಪ್‌ಲೈನ್:

ಎಚ್‌ಓ ಮಾದರಿ ರೈಲು: ಅಳತೆ 1:87, ಎರಡು ಹಳಿ, ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆಜ್ಞೆ ಕಳಿಸುವ ವಿಧಾನ). ಹಳಿಯಲ್ಲಿ ಸುಮಾರು 15 ವೋಲ್ಟ್. ಡಬ್ಲ್ಯೂಡಿಜಿ-4 ಡೀಸೆಲ್ ಇಂಜಿನ್ ಮಾದರಿಗೆ ಲೋಕ್‌ಸೌಂಡ್ 5 ಡಿಕೋಡರ್ (ಆಜ್ಞೆ ಓದಿ ಮೋಟಾರ್, ದೀಪ, ಸದ್ದು ನಡೆಸುವ ಬಿಲ್ಲೆ), 11×15 ಮಿ.ಮೀ. ಸ್ಪೀಕರ್. ಸ್ಪೀಕರ್‌ಗೆ ಡಬ್ಬಿ ಇಲ್ಲ, ಡಬಲ್ ಟೇಪ್ ಹಾಕಿ ಮೇಲ್ಛಾವಣಿಯ ಒಳಗೆ ಅಂಟಿಸಿದೆ. ಹಿಂದೆ ಐದು ಐಸಿಎಫ್ (ಚೆನ್ನೈ ಕಾರ್ಖಾನೆ ನಮೂನೆಯ) ಬೋಗಿ. ಪ್ರತಿ ಬೋಗಿಗೂ 12 ವೋಲ್ಟ್ ಎಲ್‌ಇಡಿ ಪಟ್ಟಿಯ 20 ಸೆಂ.ಮೀ. ತುಂಡು (ಮೂರು ಎಲ್‌ಇಡಿಯ ನಾಲ್ಕು ಭಾಗ), ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ), ಅದರ ಅಡ್ಡಕ್ಕೆ ನೇರವಾಗಿ 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್.

ತೊಂದರೆ ಮೂರು.
1. ಐದೂ ಬೋಗಿ ಹಳಿ ಮೇಲಿದ್ದಾಗ ಪವರ್ ಕೊಟ್ಟರೆ ಸ್ಟೇಷನ್ (ಹಳಿಗೆ ಪವರ್, ಆಜ್ಞೆ ಕಳಿಸುವ ಪೆಟ್ಟಿಗೆ) ‘ಶಾರ್ಟ್’ ಅಂತ ಟ್ರಿಪ್ ಆಗುತ್ತೆ. ಮೂರೇ ಇದ್ದರೆ ಏನೂ ಆಗಲ್ಲ.
2. ಇಷ್ಟು ದೊಡ್ಡ ಕೆಪಾಸಿಟರ್ ಇದ್ದರೂ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ದೀಪ ಪಿಳಿಪಿಳಿ.
3. ಸದ್ದಿನಲ್ಲಿ ಗುಡುಗೇ ಇಲ್ಲ, ಬರೀ ಕರಕರ.

ಜೊತೆಗೆ, ಹಳೆಯ ಡಿಸಿ ಕಾಲದ ಒಂದು ಡೀಸೆಲ್ ಇಂಜಿನ್‌ಗೂ ಡಿಕೋಡರ್ ಕೂರಿಸಬೇಕು. ಮುಂಚೆ ಏನು ನೋಡಿಕೊಳ್ಳಬೇಕು?

ಬೆಸುಗೆಕಡ್ಡಿ:

ಮೊದಲು ಅಳತೆ. ಮಾಮೂಲಿ ಮಲ್ಟಿಮೀಟರ್‌ನ ಎಸಿ ಲೆಕ್ಕ ನಿಂತಿರುವುದು 50 ಹರ್ಟ್ಸ್ ಸೈನ್ ಅಲೆಯ ಮೇಲೆ. ಡಿಸಿಸಿಯ ಚೌಕ ಅಲೆಗೆ ಅದನ್ನು ನಂಬಬೇಡಿ. ಬ್ರಿಡ್ಜ್ ಆದ ಮೇಲೆ ಡಿಸಿಯಲ್ಲಿ ಅಳೆದು, ಬಂದದ್ದಕ್ಕೆ ಬ್ರಿಡ್ಜ್ ನುಂಗಿದ 1.4 ಕೂಡಿಸಿ. ಹಳಿಯಲ್ಲಿ ನಿಜಕ್ಕೂ 15 ಇದ್ದರೆ ಮೀಟರ್ 13.6 ತೋರಿಸಬೇಕು.

ಎರಡನೇದಕ್ಕೆ ಮೂಲ ಇದು: ಪಟ್ಟಿಯನ್ನು ಪೂರ್ತಿ ಕರೆಂಟಿನಲ್ಲಿ ಉರಿಸುತ್ತಿದ್ದೀರಿ. ಪಟ್ಟಿಯ ಪ್ರತಿ ಭಾಗದಲ್ಲಿ ಮೂರು ಎಲ್‌ಇಡಿ, ಸಾಮಾನ್ಯವಾಗಿ 150 ಓಮ್. 13.6ರಲ್ಲಿ ಎಲ್‌ಇಡಿಗಳಿಗೆ 9 ಹೋದರೆ ಉಳಿದ 4.6 ವೋಲ್ಟ್ ಆ 150 ಓಮ್ ಮೇಲೆ. ಅಂದರೆ 30 ಮಿಲಿಆಂಪ್. ನಾಲ್ಕು ಭಾಗಕ್ಕೆ 120, ಐದು ಬೋಗಿಗೆ 600. ಈ ದರದಲ್ಲಿ 1000 ಮೈಕ್ರೋಫ್ಯಾರಡ್ ಹೆಚ್ಚೆಂದರೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ತಾಳುತ್ತೆ. ಮಿಟುಕದೆ ಇನ್ನೇನು? ಇಷ್ಟು ಬೆಳಕಿದ್ದರೆ ಬೋಗಿ ಆಪರೇಷನ್ ಥಿಯೇಟರ್ ಥರ ಕಾಣುತ್ತೆ, ಅದು ಬೇರೆ ಮಾತು.

ಮಾಡಬೇಕಾದ್ದು: ಪಟ್ಟಿಯ ಧನ ತಂತಿಗೆ ಸರಣಿಯಲ್ಲಿ 680 ಓಮ್, ಕಾಲು ವ್ಯಾಟ್. ಆಗ ಇಡೀ ಬೋಗಿಗೆ ಸುಮಾರು 8 ಮಿಲಿಆಂಪ್. ಭಾಗಕ್ಕೆ 2 ಮಿಲಿಆಂಪ್ ಎಚ್‌ಓಗೆ ಧಾರಾಳ. ಇನ್ನೂ ಮಬ್ಬು ಬೇಕಾದರೆ ಅದೇ ಜಾಗದಲ್ಲಿ 2 ಕಿಲೋಓಮ್ ಟ್ರಿಮ್ಮರ್. ಕೆಪಾಸಿಟರ್ 470 ಮೈಕ್ರೋಫ್ಯಾರಡ್ ಸಾಕು, ಶೌಚಾಲಯದ ಜಾಗದಲ್ಲಿ ನಿಲ್ಲಿಸಬಹುದು. ಅಷ್ಟಕ್ಕೇ ಅರ್ಧ ಸೆಕೆಂಡಿನ ಆಸುಪಾಸು ದೀಪ ನಿಲ್ಲುತ್ತೆ, ಆಮೇಲೂ ತಟ್ಟನೆ ಆರದೆ ಮೆಲ್ಲಗೆ ಮಸುಕಾಗುತ್ತೆ. ವೋಲ್ಟೇಜ್ ಮಾತ್ರ 25 ಇರಲಿ. 13.6ಕ್ಕೆ 16ರದ್ದು ಅಂಚಿನ ಆಟ.

ಇನ್ನು ಒಂದನೇದು. ಟ್ರಿಪ್ ಆಗುವುದು ಶಾರ್ಟಿನಿಂದಲ್ಲ. ಖಾಲಿ ಕೆಪಾಸಿಟರ್ ಪವರ್ ಬಂದ ಕ್ಷಣ ಶಾರ್ಟಿನ ಹಾಗೇ ನಡೆದುಕೊಳ್ಳುತ್ತೆ. ಐದು ಒಟ್ಟಿಗೆ ಎಳೆದರೆ ಸ್ಟೇಷನ್ ಬೆಚ್ಚಿಬೀಳುತ್ತೆ. ಕೆಪಾಸಿಟರ್‌ನ ಕಾಲಿಗೆ 100 ಓಮ್ ಸರಣಿಯಲ್ಲಿ ಹಾಕಿ. ಆಗ ಬೋಗಿಗೆ ಹೆಚ್ಚೆಂದರೆ 0.14 ಆಂಪ್, ಐದಕ್ಕೆ 0.7. ವಾಪಸ್ ಹರಿಯಲು ಆ 100 ಓಮ್‌ಗೆ ಅಡ್ಡವಾಗಿ 1ಎನ್4148 ಡಯೋಡ್.

ಗೇಜ್16.5:

@ಬೆಸುಗೆಕಡ್ಡಿ, ಆ ಡಯೋಡ್ ಇಲ್ಲಿ ದಂಡ. 8 ಮಿಲಿಆಂಪ್‌ಗೆ 100 ಓಮ್ ಮೇಲೆ ಬೀಳುವುದು 0.8 ವೋಲ್ಟ್, ಡಯೋಡ್ ಮೇಲೆ ಬೀಳುವುದು 0.7. ಐದು ಬೋಗಿಗೆ ಹತ್ತು ಬೆಸುಗೆ ಉಳಿಯಿತು. ಮೋಟಾರ್ ಇರುವ ಕಡೆ ಕಥೆ ಬೇರೆ.

ಮಿಟುಕುವುದಕ್ಕೆ ಅರ್ಧ ಕಾರಣ ಗಾಲಿಯಲ್ಲಿದೆ. ಎರಡೂ ತುದಿಯ ಗಾಲಿಜೋಡಿಗಳಿಂದ ಕರೆಂಟ್ ತೆಗೆಯಿರಿ. 0.2 ಮಿ.ಮೀ. ಫಾಸ್ಫರ್ ಬ್ರಾಂಜ್ ಎಳೆ, ಗಾಲಿಯ ಬೆನ್ನಿಗಲ್ಲ, ಅಚ್ಚಿಗೆ ತಾಗಲಿ. ಅಚ್ಚು ಸಣ್ಣ, ತಿಕ್ಕಾಟ ಕಡಿಮೆ. ಗಾಲಿಯ ಬೆನ್ನಿಗೆ ಒತ್ತಿದರೆ ಐದು ಬೋಗಿ ಸೇರಿ ಬ್ರೇಕ್ ಹಾಕಿದ ಹಾಗೆ, ಏರಿನಲ್ಲಿ ಇಂಜಿನ್ ಜಾರುತ್ತೆ. ಒಂದು ಕಡೆ ಮಾತ್ರ ಇನ್ಸುಲೇಟ್ ಆದ ಲೋಹದ ಗಾಲಿ ಬೇಕು. ಒಂದು ಅಚ್ಚನ್ನು ಎಡಕ್ಕೆ, ಪಕ್ಕದ್ದನ್ನು ತಿರುಗಿಸಿ ಬಲಕ್ಕೆ ಕೂರಿಸಿ. ಮರೆತು ಎರಡನ್ನೂ ಒಂದೇ ಕಡೆಗೆ ಹಾಕಿದರೆ ದೀಪ ಹತ್ತಲ್ಲ. ಒಂದೇ ತಂತಿಗೆ ಸೇರಿದ ಎರಡು ಅಚ್ಚು ಎದುರುಬದುರಾದರೆ ನಿಜವಾದ ಶಾರ್ಟ್. ಹಳಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡ, ಗೀರಿನಲ್ಲೇ ಕೊಳೆ ಮತ್ತೆ ಕೂರುತ್ತೆ.

ಹಳೇಥ್ರಾಟಲ್:

ಹಳೆಯ ಇಂಜಿನ್ ವಿಚಾರ. ಮೂಲದಲ್ಲಿರುವ ತೊಡಕು ಇದು: ಹಳಿಯ ಅವೇ ಎರಡು ಸರಳುಗಳು ವೇಗವನ್ನೂ ಬೆಳಕನ್ನೂ ಸದ್ದನ್ನೂ ಹೊರಬೇಕು. ಡಿಸಿಯಲ್ಲಿ ವೋಲ್ಟೇಜೇ ವೇಗ, ಹಾಗಾಗಿ ನಿಂತರೆ ಕತ್ತಲೆ. ಲಯನೆಲ್ 1935ರಲ್ಲೇ ಎಸಿ ಹಳಿಯ ಮೇಲೆ ಡಿಸಿಯನ್ನು ಹೇರಿ, ಟೆಂಡರಿನೊಳಗಿನ (ಉಗಿ ಇಂಜಿನ್ ಹಿಂದಿನ ಕಲ್ಲಿದ್ದಲು ಬಂಡಿಯ) ರಿಲೇ ಎಳೆಸಿ, ಪುಟ್ಟ ಫ್ಯಾನಿನಿಂದ ನಿಜವಾದ ಗಾಳಿಯಲ್ಲೇ ಸೀಟಿ ಊದಿಸಿತು. ಡಿಸಿಯವರು ಮೋಟಾರ್‌ಗೆ ಸರಣಿಯಲ್ಲಿ ಡಯೋಡ್ ಹಾಕಿ, ಅವುಗಳ ಮೇಲೆ ಬೀಳುವ 1.4 ವೋಲ್ಟಿನಲ್ಲಿ 1.5 ವೋಲ್ಟಿನ ಗೋಧಿಕಾಳು ಬಲ್ಬ್ ಉರಿಸಿದರು: ಇಂಜಿನ್ ಕದಲುವ ಮೊದಲೇ ದೀಪ ಹತ್ತುತ್ತಿತ್ತು. ಇನ್ನು ಕೆಲವರು ಹಳಿಗೆ ಹೆಚ್ಚು ಆವರ್ತನದ ಎಸಿ ಬೆರೆಸಿದರು. ಕೆಪಾಸಿಟರ್ ಮೂಲಕ ಅದು ದೀಪಕ್ಕೆ ಹೋಗುತ್ತೆ, ಮೋಟಾರಿನ ಸುರುಳಿ ಅದನ್ನು ಒಳಬಿಡಲ್ಲ. ಅಂಥ ಪೆಟ್ಟಿಗೆ ಇನ್ನೂ ಲೇಔಟಿಗೆ ಜೋಡಿಸಿಯೇ ಇದ್ದರೆ ಇವತ್ತೇ ಕಿತ್ತಿಡಿ, ಡಿಕೋಡರ್ ಸಾಯುತ್ತೆ. 1963ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಆಸ್ಟ್ರಾಕ್, 1979ರಲ್ಲಿ ಹಾರ್ನ್‌ಬಿಯ ಝೀರೋ-1, ಹೀಗೆ ಒಂದೇ ಹಳಿಯಲ್ಲಿ ಹಲವು ಇಂಜಿನ್ ನಡೆಸುವ ವ್ಯವಸ್ಥೆಗಳು ಬಂದವು. ಆಮೇಲೆ ಜರ್ಮನಿಯ ಲೆಂಝ್ ಕಟ್ಟಿದ ವಿಧಾನವನ್ನೇ ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಡಿಸಿಸಿ ಮಾನಕ ಮಾಡಿಕೊಂಡಿತು. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್, ಆಜ್ಞೆ ಅಲೆಯ ಅಗಲದಲ್ಲಿ: ಅರ್ಧ ಅಲೆ 58 ಮೈಕ್ರೋಸೆಕೆಂಡ್ ಆದರೆ ಒಂದು, ಸುಮಾರು 100 ಅಥವಾ ಹೆಚ್ಚಾದರೆ ಸೊನ್ನೆ.

ಈಗ ಕೆಲಸ. ಹಳೆಯ ಇಂಜಿನ್‌ಗಳಲ್ಲಿ ಮೋಟಾರಿನ ಒಂದು ಬ್ರಷ್ ಚಾಸಿಗೇ ತಾಗಿರುತ್ತೆ, ಚಾಸಿ ಹಳಿಗೆ. ಹಾಗೇ ಡಿಕೋಡರ್ ಕೊಟ್ಟರೆ ಮೊದಲ ಬಾರಿಗೇ ಹೊಗೆ. ಮೋಟಾರ್ ಬಿಚ್ಚಿ ಅಡಿಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ತಡೆಯುವ ತೆಳು ಟೇಪ್), ಲೋಹದ ಸ್ಕ್ರೂ ಬದಲು ನೈಲಾನ್. ಆಮೇಲೆ ಪ್ರತಿ ಬ್ರಷ್‌ನಿಂದ ಪ್ರತಿ ಹಳಿಗೆ, ಚಾಸಿಗೆ ಮೀಟರ್ ಹಿಡಿಯಿರಿ. ಎಲ್ಲೂ ದಾರಿ ಇರಬಾರದು. ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕಿತ್ತಳೆ ಮತ್ತು ಬೂದು ಮೋಟಾರ್, ಬಿಳಿ ಮುಂದೀಪ, ಹಳದಿ ಹಿಂದೀಪ, ನೀಲಿ ಎಲ್ಲ ದೀಪಕ್ಕೂ ಸಾಮಾನ್ಯ ಧನ. ಎಲ್‌ಇಡಿಯ ಉದ್ದ ಕಾಲು ನೀಲಿಗೆ, ಗಿಡ್ಡ ಕಾಲು 2.2 ಕಿಲೋಓಮ್ ಮೂಲಕ ಬಿಳಿಗೆ. ಹಳೆಯ 1.5 ವೋಲ್ಟ್ ಬಲ್ಬ್ ಉಳಿಸಿಕೊಳ್ಳುವ ಆಸೆ ಬಿಡಿ. ನೇರ ಕೊಟ್ಟರೆ ಒಂದು ಮಿಂಚು, ಅಷ್ಟೇ.

ಎಂಟನೇನಾಚ್:

ಸದ್ದಿಗೆ ಬರೋಣ. ಡಿಕೋಡರ್ ಚೆನ್ನಾಗಿದೆ, ಡಬ್ಬಿ ಇಲ್ಲದ್ದೇ ರೋಗ. ಸ್ಪೀಕರ್‌ನ ಮುಂದಿನ ಅಲೆಗೂ ಬೆನ್ನಿನ ಅಲೆಗೂ ದಿಕ್ಕು ತದ್ವಿರುದ್ಧ. ನಡುವೆ ಗೋಡೆ ಇಲ್ಲದಿದ್ದರೆ ತಗ್ಗಿನ ಸ್ವರಗಳು ಒಂದನ್ನೊಂದು ನುಂಗಿ ಕರಕರ ಮಾತ್ರ ಉಳಿಯುತ್ತೆ. 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿ, ಜಾಗ ಬಿಟ್ಟಷ್ಟೂ ಆಳ. ಮೂಲೆಗಳಿಗೆ, ತಂತಿ ಹೊರಬರುವ ತೂತಿಗೆ ಬಿಳಿ ಗೋಂದು. ಗುಂಡುಸೂಜಿಯಷ್ಟು ಸೀಳಿದ್ದರೂ ಪ್ರಯೋಜನವಿಲ್ಲ. ಪರೀಕ್ಷೆ ಸುಲಭ: ಡಬ್ಬಿ ಮುಚ್ಚಿದ ಮೇಲೆ ಸ್ಪೀಕರ್ ಪೊರೆಯನ್ನು ಬೆರಳ ತುದಿಯಿಂದ ಹಗುರ ಒತ್ತಿದರೆ ಗಾಳಿದಿಂಬಿನ ಹಾಗೆ ಎದುರು ಒತ್ತಬೇಕು. ಮುಖವನ್ನು ಛಾವಣಿಗೆ ಅಂಟಿಸಬೇಡಿ, ರೇಡಿಯೇಟರ್ ಜಾಲರಿ ಕಡೆಗೋ ಕೆಳಗೋ ತಿರುಗಿಸಿ.

ಆಮೇಲೆ ಸಿವಿ 63 (ಸಿವಿ ಅಂದರೆ ಡಿಕೋಡರ್‌ನೊಳಗಿನ ಹೊಂದಿಕೆಯ ಸಂಖ್ಯೆ), ಒಟ್ಟು ಧ್ವನಿ. ಗರಿಷ್ಠ 192. ಈ ಗಾತ್ರದ ಸ್ಪೀಕರ್‌ಗೆ 100–120ರಲ್ಲಿ ನಿಲ್ಲಿಸಿ, ಅದರಾಚೆ ಒಡಕು. ಎರಡು ಸ್ಪೀಕರ್ ಹಾಕಿದರೆ ಧನಕ್ಕೆ ಧನ ಸೇರಲಿ. ಉಲ್ಟಾ ಆದರೆ ಮತ್ತೆ ಗುಡುಗು ಮಾಯ. ಹಳೆಯ ಲೋಕ್‌ಸೌಂಡ್ 3.5 ಎಲ್ಲಾದರೂ ಸಿಕ್ಕಿದರೆ ಹುಷಾರು, ಅದು 100 ಓಮ್ ಸ್ಪೀಕರ್ ಕಾಲದ್ದು. 8 ಓಮ್ ಕೊಟ್ಟರೆ ಆಂಪ್ಲಿಫೈಯರ್ ಸುಡುತ್ತೆ.

ಡಿಕೋಡರ್‌ಗೆ ತುಂಬುವ ಸದ್ದಿನ ಕಡತದ ಆಯ್ಕೆಯೂ ಮುಖ್ಯ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4ರಲ್ಲಿ ಇರುವುದು ಅಮೆರಿಕದ ಇಎಂಡಿ ಕಂಪನಿಯ 16 ಸಿಲಿಂಡರ್ 710, ಎರಡು ಸ್ಟ್ರೋಕ್. ಅಮೆರಿಕದ ಎಸ್‌ಡಿ70ಮ್ಯಾಕ್‌ನ ಕಡತ ಹಾಕಿದರೆ ಎದೆಬಡಿತ ಒಂದೇ. ಡಬ್ಲ್ಯೂಡಿಎಂ-2ಕ್ಕೆ ಅದು ಹೊಂದಲ್ಲ, ಆಲ್ಕೋ 251 ನಾಲ್ಕು ಸ್ಟ್ರೋಕಿನದು. ಆಲ್ಕೋದ್ದೇ ಸಿ-630 ಇಂಜಿನ್ನಿನ ಕಡತ ಹುಡುಕಿ. ಹಾರ್ನ್ ಮಾತ್ರ ಎರಡರಲ್ಲೂ ಅಮೆರಿಕದ್ದೇ, ಲೋಕ್‌ಪ್ರೋಗ್ರಾಮರ್‌ನಲ್ಲಿ (ಡಿಕೋಡರ್‌ಗೆ ಕಡತ ತುಂಬುವ ಸಾಧನ) ನಮ್ಮ ಹಾರ್ನಿನ ವೇವ್ ಕಡತ ಬದಲಿಸಿಕೊಳ್ಳಬೇಕು.

ಲೂಪ್‌ಲೈನ್:

680 ಓಮ್, 470 ಮೈಕ್ರೋಫ್ಯಾರಡ್, 100 ಓಮ್ ಹಾಕಿದ ಮೇಲೆ ಟ್ರಿಪ್ ಇಲ್ಲ, ಮಿಟುಕೂ ಇಲ್ಲ. ಡಬ್ಬಿಯ ನಂತರ ಸದ್ದೂ ತುಂಬಿಕೊಂಡಿದೆ. ಆದರೆ ಕೊಳೆ ಇರುವ ಕಡೆ ಇಂಜಿನ್ ಸದ್ದು ಕಡಿದು ಮತ್ತೆ ಸ್ಟಾರ್ಟಿನಿಂದ ಶುರುವಾಗುತ್ತೆ. ಸೂಪರ್ ಕೆಪಾಸಿಟರ್ 2.7 ವೋಲ್ಟ್ 1 ಫ್ಯಾರಡ್ ಐದು ಸರಣಿಯಲ್ಲಿ, 100 ಓಮ್ ಮೂಲಕ ಡಿಕೋಡರ್‌ಗೆ ಕೊಟ್ಟೆ. ಈಗ ಪ್ರೋಗ್ರಾಮಿಂಗ್ ಹಳಿಯಲ್ಲಿ (ಡಿಕೋಡರ್ ಹೊಂದಿಸಲು ಮೀಸಲಾದ ತುಂಡು) ಸಿವಿ ಓದಲ್ಲ.

ಗೇಜ್16.5:

ಐದಕ್ಕೆ 13.5 ವೋಲ್ಟ್, ನಿಮ್ಮಲ್ಲಿ ಬರುವುದು 13.6. ಆರನೆಯದು ಸೇರಿಸಿ. ಇಲ್ಲಿ ಆ 100 ಓಮ್ ಒಂದು ವ್ಯಾಟಿನದೇ ಇರಲಿ: ತುಂಬಲು ಹತ್ತಾರು ಸೆಕೆಂಡ್ ಬೇಕು, ಮೊದಲಲ್ಲಿ ಅದರ ಮೇಲೆ ಬೀಳುವುದು ಸುಮಾರು 1.8 ವ್ಯಾಟ್, ಆದರೆ ಅದು ಬೇಗ ಇಳಿಯುತ್ತೆ. ಡಯೋಡ್ ಇಲ್ಲಿ ಕಡ್ಡಾಯ. ಮೋಟಾರ್ 200 ಮಿಲಿಆಂಪ್ ಕೇಳಿದರೆ 100 ಓಮ್ ದಾಟಿ ಏನೂ ಬರಲ್ಲ. 1ಎನ್4007 ಹಾಕಿ.

ಸಿವಿ ಓದದಿರುವುದು ಸಹಜ. ಡಿಕೋಡರ್ ಉತ್ತರ ಕೊಡುವುದೇ 60 ಮಿಲಿಆಂಪ್‌ನ, 6 ಮಿಲಿಸೆಕೆಂಡಿನ ಒಂದು ಸೆಳೆತದಿಂದ. ತುಂಬುತ್ತಿರುವ ಕೆಪಾಸಿಟರ್ ಅದಕ್ಕೂ ದುಪ್ಪಟ್ಟು ಎಳೆಯುವಾಗ ಸ್ಟೇಷನ್‌ಗೆ ಆ ಪಿಸುಮಾತು ಕೇಳಲ್ಲ. ನಡುವೆ ಎರಡು ಪಿನ್ನಿನ ಪ್ಲಗ್ ಇಟ್ಟು ಪ್ರೋಗ್ರಾಮಿಂಗ್ ವೇಳೆ ಬಿಡಿಸಿ, ಇಲ್ಲವೇ ಮುಖ್ಯ ಹಳಿಯ ಮೇಲೆಯೇ ಬರೆಯಿರಿ.

ಜೊತೆಗೆ ಸಿವಿ 29ರಲ್ಲಿ ಅನಲಾಗ್ (ಡಿಸಿ ಹಳಿಯಲ್ಲೂ ಓಡುವ ಸೌಲಭ್ಯ) ಆಫ್ ಮಾಡಿ. ಈಗಿನ ಬೆಲೆ ಓದಿ, ಅದರಲ್ಲಿ 4ರ ಬಿಟ್ ಇದ್ದರೆ 4 ಕಳೆಯಿರಿ: 6 ಇದ್ದರೆ 2, 30 ಇದ್ದರೆ 26, 38 ಇದ್ದರೆ 34. ಬಿಟ್ಟರೆ ಆಜ್ಞೆ ತಪ್ಪಿದಾಗ ಡಿಕೋಡರ್ ಇದು ಡಿಸಿ ಹಳಿ ಅಂದುಕೊಂಡು, ಕೂಡಿಟ್ಟ ಶಕ್ತಿಯಲ್ಲಿ ಪೂರ್ತಿ ವೇಗಕ್ಕೆ ಓಡಬಹುದು. ಮೇಜಿನ ಅಂಚಿನ ತಿರುವಿನಲ್ಲಿ ಹಾಗಾದರೆ ನೆಲವೇ ಗತಿ.