ಹಳೆ ಲೈಸೆನ್ಸ್ ಸರ್ವರ್ ತೆಗೆದ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಯಾರಿಗೂ ಓಪನ್ ಆಗುತ್ತಿಲ್ಲ

ಪ್ರಶ್ನೆ
ನಮಸ್ಕಾರ. ನಮ್ಮ ಆಫೀಸಿನಲ್ಲಿ ವಿಂಡೋಸ್ ಸರ್ವರ್ 2019ರ ಎರಡು ಸೆಷನ್ ಹೋಸ್ಟ್‌ಗಳಿವೆ (ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗುವ ಸರ್ವರ್‌ಗಳು). ಮುಂಚೆ ಇದ್ದವರು ಮಾಡಿದ ಸೆಟಪ್, ಬರೆದಿಟ್ಟದ್ದು ಏನೂ ಇಲ್ಲ. ಹಳೆ ಲೈಸೆನ್ಸ್ ಸರ್ವರ್ ತೆಗೆದು ಹೊಸದು ಹಾಕಿದ್ದೇವೆ. ಅದೂ 2019. ಆಕ್ಟಿವೇಟ್ ಆಗಿದೆ, ಪರ್ ಯೂಸರ್ ಕ್ಯಾಲ್‌ಗಳೂ (ಒಬ್ಬೊಬ್ಬ ಬಳಕೆದಾರನಿಗೆ ಬೇಕಾದ ಲೈಸೆನ್ಸ್) ಕಾಣುತ್ತವೆ. ಆದರೂ ಲೈಸೆನ್ಸ್ ಸರ್ವರ್ ಸಿಗುತ್ತಿಲ್ಲ ಎಂಬ ಎರರ್ ಬಂದು ಎಲ್ಲರ ಸೆಷನ್ ಕಟ್ ಆಗುತ್ತಿದೆ. ಎಲ್ಲವೂ ಒಂದೇ ಡೊಮೈನ್, ಪಿಂಗ್ ಆಗುತ್ತದೆ. ಹೋಸ್ಟ್‌ಗಳು ತಾವಾಗೇ ಹುಡುಕಿಕೊಳ್ಳಬೇಕಲ್ವಾ?

ಉತ್ತರ
ಇಲ್ಲ ಸರ್, ಹುಡುಕುವುದಿಲ್ಲ. ಸರ್ವರ್ 2008ರ ತನಕ ಹಾಗಿತ್ತು. 2008 ಆರ್2ರಲ್ಲಿ ಮೈಕ್ರೋಸಾಫ್ಟ್ ಆ ಹುಡುಕಾಟವನ್ನೇ ತೆಗೆದುಹಾಕಿತು. ಈಗ ಪ್ರತಿ ಹೋಸ್ಟ್‌ಗೂ ಸರ್ವರ್ ಹೆಸರನ್ನು ನಾವೇ ಹೇಳಬೇಕು. ಮೊದಲು ಅಡ್ಮಿನ್ ಮೋಡ್‌ನಲ್ಲಿ ಒಳಗೆ ಹೋಗಿ, ಅದಕ್ಕೆ ಕ್ಯಾಲ್ ಬೇಡ. ಇವೆಂಟ್ ವ್ಯೂವರ್‌ನಲ್ಲಿ ಯಾವ ಎರರ್ ನಂಬರ್ ಇದೆ ನೋಡಿ. 1130 ಇದ್ದರೆ ಹೋಸ್ಟ್‌ಗೆ ಯಾವ ಹೆಸರನ್ನೂ ಕೊಟ್ಟಿಲ್ಲ ಎಂದರ್ಥ. 1128 ಇದ್ದರೆ ಲೈಸೆನ್ಸ್ ಸರ್ವರ್ ಇಲ್ಲದೆಯೂ ನಡೆಯುವ 120 ದಿನದ ಗ್ರೇಸ್ ಪೀರಿಯಡ್ ಮುಗಿದಿದೆ, ಕ್ಯಾಲ್ ಇರುವ ಸರ್ವರ್ ಜೊತೆ ಹೋಸ್ಟ್ ನೋಂದಣಿ ಆಗಿಲ್ಲ.

ಪ್ರಶ್ನೆ ಕೇಳಿದವರು
1128 ಇದೆ. ಸರ್ವರ್ ಮ್ಯಾನೇಜರ್‌ನ ಡಿಪ್ಲಾಯ್‌ಮೆಂಟ್ ಪ್ರಾಪರ್ಟೀಸ್‌ನಲ್ಲಿ ಹೊಸ ಹೆಸರು ಕೊಟ್ಟೆ. ಆದರೆ ಲೈಸೆನ್ಸ್ ಸ್ಥಿತಿ ತೋರಿಸುವ ಟೂಲ್ ಆದ ಲೈಸೆನ್ಸಿಂಗ್ ಡಯಾಗ್ನೋಸರ್‌ನಲ್ಲಿ ಇನ್ನೂ ಹಳೆ ಸರ್ವರ್ ಹೆಸರೇ ಬರುತ್ತಿದೆ.

ಇನ್ನೊಬ್ಬರು
ರಿಜಿಸ್ಟ್ರಿಯಲ್ಲಿ ಗ್ರೇಸ್ ಪೀರಿಯಡ್ ಕೀ ಡಿಲೀಟ್ ಮಾಡಿ ರೀಸ್ಟಾರ್ಟ್ ಮಾಡಿ, ಸರಿ ಹೋಗುತ್ತೆ.

ಉತ್ತರ
ದಯವಿಟ್ಟು ಅದನ್ನು ಮಾಡಬೇಡಿ. ಮತ್ತೆ 120 ದಿನ ಸಿಗುತ್ತದೆ ಅಷ್ಟೇ, ಆಮೇಲೆ ಇದೇ ಗೋಳು. ಲೈಸೆನ್ಸ್ ಒಪ್ಪಂದಕ್ಕೂ ಅದು ಸರಿಯಲ್ಲ. ದುಡ್ಡು ಕೊಟ್ಟು ಕ್ಯಾಲ್ ತಗೊಂಡಿದ್ದೀರಿ, ಅದು ಹೋಸ್ಟ್‌ಗೆ ತಲುಪುವ ಹಾಗೆ ಮಾಡೋಣ.

ಹಳೆ ಹೆಸರು ಹೋಗುತ್ತಿಲ್ಲ ಅಂದರೆ ಗ್ರೂಪ್ ಪಾಲಿಸಿ (ಡೊಮೈನ್‌ನ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಸೆಟ್ಟಿಂಗ್ ಕೊಡುವ ವ್ಯವಸ್ಥೆ, ಚಿಕ್ಕದಾಗಿ ಜಿಪಿ) ಮೇಲೆ ನನಗೆ ಅನುಮಾನ. ಅಲ್ಲಿ ಹೆಸರು ಬರೆದಿದ್ದರೆ ನೀವು ಸರ್ವರ್ ಮ್ಯಾನೇಜರ್‌ನಲ್ಲಿ ಏನೇ ಕೊಟ್ಟರೂ ನಡೆಯುವುದು ಪಾಲಿಸಿಯ ಮಾತೇ. ಹೋಸ್ಟ್‌ನಲ್ಲಿ ಜಿಪಿ ರಿಸಲ್ಟ್ ರಿಪೋರ್ಟ್ ತೆಗೆದು, ಕಂಪ್ಯೂಟರ್ ಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್ ಕೆಳಗಿನ ಲೈಸೆನ್ಸಿಂಗ್ ನೋಡಿ. ಅಲ್ಲಿ ಎರಡು ಸೆಟ್ಟಿಂಗ್ ಇರುತ್ತವೆ. ಒಂದು ಸರ್ವರ್ ಹೆಸರು, ಇನ್ನೊಂದು ಮೋಡ್. ಮೋಡ್ ಕೂಡ ಪರ್ ಯೂಸರ್ ಆಗಿರಬೇಕು. ಪರ್ ಡಿವೈಸ್ ಅಂತ ಉಳಿದಿದ್ದರೆ ಸರ್ವರ್ ಸಿಕ್ಕರೂ ನಿಮ್ಮ ಕ್ಯಾಲ್‌ಗಳು ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು
ನಿಮ್ಮ ಅನುಮಾನ ನಿಜ. ಪಾಲಿಸಿಯಲ್ಲಿ ಹಳೆ ಹೆಸರೇ ಇತ್ತು. ಬದಲಾಯಿಸಿ ಜಿಪಿ ಅಪ್‌ಡೇಟ್ ಕೊಟ್ಟೆ. ಮೋಡ್ ಸರಿ ಇದೆ. ಮೊದಲ ಹೋಸ್ಟ್ ಸರಿಯಾಯಿತು! ಎರಡನೆಯದರಲ್ಲಿ ಹೊಸ ಹೆಸರು ಕಾಣುತ್ತದೆ, ಆದರೆ ಸರ್ವರ್ ಲಭ್ಯವಿಲ್ಲ ಎನ್ನುತ್ತದೆ. ಅದು ಬ್ರಾಂಚ್ ಆಫೀಸಿನಲ್ಲಿದೆ. ಪಿಂಗ್ ಅಲ್ಲಿಂದಲೂ ಆಗುತ್ತದೆ.

ಉತ್ತರ
ಪಿಂಗ್ ನಂಬಬೇಡಿ. ಅದು ಐಸಿಎಂಪಿ, ಲೈಸೆನ್ಸ್ ಕೇಳುವುದು ಆರ್‌ಪಿಸಿ ಎಂಬ ಬೇರೆಯೇ ಪ್ರೋಟೋಕಾಲ್ ಮೂಲಕ. ಮಧ್ಯದ ಫೈರ್‌ವಾಲ್‌ನಲ್ಲಿ ಟಿಸಿಪಿ 135, 445 ಮತ್ತು 49152ರಿಂದ 65535ರ ತನಕ ಬಿಟ್ಟಿದ್ದಾರಾ ಕೇಳಿ. ಜಾಸ್ತಿ ಸಲ 135 ಮಾತ್ರ ಬಿಟ್ಟಿರುತ್ತಾರೆ. ಮೊದಲ ಮಾತು ಆ ಪೋರ್ಟ್‌ನಲ್ಲಿ ನಡೆದು, ಮುಂದಿನದು 49152ರಿಂದ ಮೇಲಿನ ಯಾವುದೋ ಪೋರ್ಟ್‌ಗೆ ಹೋಗಿ ಅಲ್ಲಿ ನಿಂತುಬಿಡುತ್ತದೆ. ಹಾಗಾಗಿ 135ಕ್ಕೆ ಕನೆಕ್ಟ್ ಆಯಿತು ಅಂತ ಸುಮ್ನೆ ಬಿಡಬೇಡಿ.

ಪ್ರಶ್ನೆ ಕೇಳಿದವರು
ಹಾಗೇ ಆಗಿತ್ತು ಸರ್. ನೆಟ್‌ವರ್ಕ್ ಟೀಮ್‌ನವರು ಆ ಹೋಸ್ಟ್‌ನಿಂದ ಲೈಸೆನ್ಸ್ ಸರ್ವರ್‌ಗೆ ಮಾತ್ರ ಮೇಲಿನ ಪೋರ್ಟ್‌ಗಳನ್ನೂ ಬಿಟ್ಟರು. ಡಯಾಗ್ನೋಸರ್‌ನಲ್ಲಿ ಈಗ ಕ್ಯಾಲ್ ಸಂಖ್ಯೆ ಬರುತ್ತಿದೆ, ಬ್ರಾಂಚ್‌ನವರೂ ಲಾಗಿನ್ ಆಗಿದ್ದಾರೆ. ತುಂಬಾ ಥ್ಯಾಂಕ್ಸ್.

ಉತ್ತರ
ಒಳ್ಳೆಯದಾಯಿತು. ಇನ್ನೊಂದು ಕೆಲಸ ಬಾಕಿ ಇದೆ. ಆಕ್ಟಿವ್ ಡೈರೆಕ್ಟರಿಯ (ಡೊಮೈನ್‌ನ ಬಳಕೆದಾರರು, ಕಂಪ್ಯೂಟರ್‌ಗಳ ದಾಖಲೆ) ಟರ್ಮಿನಲ್ ಸರ್ವರ್ ಲೈಸೆನ್ಸ್ ಸರ್ವರ್ಸ್ ಗುಂಪಿಗೆ ಹೊಸ ಸರ್ವರ್ ಸೇರಿಸಿ. ಇಲ್ಲದಿದ್ದರೆ ಯಾರಿಗೆ ಯಾವ ಪರ್ ಯೂಸರ್ ಕ್ಯಾಲ್ ಹೋಯಿತು ಎಂಬ ಲೆಕ್ಕ ಸರಿಯಾಗಿ ಸಿಗುವುದಿಲ್ಲ.