ಫ್ಯಾಕ್ಟರಿ ಬಿಟ್ಟು ಲಾರಿ ಹತ್ತಲೇ?: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನನಗೆ 32. ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷದಿಂದ ಮೆಷಿನ್ ಆಪರೇಟರ್. ಸಂಬಳ 19,000, ಅದರಲ್ಲಿ ಬೇಸಿಕ್ ಮತ್ತು ಡಿಎ 13,000. ಕಾರಿನ ಲೈಸೆನ್ಸ್ ಉಂಟು. ಕೆಲಸ ಬಿಟ್ಟು ಲಾರಿ ಡ್ರೈವರ್ ಆಗಬೇಕೆಂದು ಆಸೆ. ಮನೆಯವಳು ಬೇಡ ಅನ್ನುತ್ತಾಳೆ. ಏನು ಮಾಡಲಿ? (ಸುರತ್ಕಲ್‌ನ ಓದುಗ)

ರಾಜೀನಾಮೆ ಇನ್ನೂ ಬರೆಯಬೇಡಿ. ಹೆವಿ ಗಾಡಿಗೆ ಎಲ್‌ಎಲ್‌ಆರ್ (ಕಲಿಕೆಯ ಲೈಸೆನ್ಸ್) ಬೇಕಾದರೆ ವಯಸ್ಸು 20 ದಾಟಿರಬೇಕು, ಕಾರಿನ ಲೈಸೆನ್ಸಿಗೆ ಒಂದು ವರ್ಷ ತುಂಬಿರಬೇಕು. ಆಮೇಲೆ ದೇಹ ಸರಿಯಿದೆಯೆಂಬ ವೈದ್ಯರ ಫಾರಂ 1ಎ, ತರಬೇತಿ ಆಯಿತೆಂಬ ಡ್ರೈವಿಂಗ್ ಸ್ಕೂಲಿನ ಫಾರಂ 5. ಎಂಟನೇ ಕ್ಲಾಸ್ ಪಾಸಾಗಿರಬೇಕೆಂಬ ನಿಯಮ 2019ರಲ್ಲೇ ಹೋಯಿತು. ಸ್ಕೂಲಿನ ತರಬೇತಿ 30 ದಿನ, ಅದರಲ್ಲಿ ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರಬೇಕಾದ್ದು ಕನಿಷ್ಠ 15 ಗಂಟೆ. ಹಣ ಕಟ್ಟುವ ಮೊದಲೇ ಈ 15 ಗಂಟೆಯ ಮಾತು ಆಡಿಕೊಳ್ಳಿ. ಒಂದೇ ಲಾರಿಗೆ ಐದು ಜನ ಹತ್ತಿ ತಲಾ ಹತ್ತು ನಿಮಿಷ ಓಡಿಸಿ ಇಳಿದರೆ ಫಾರಂ ಸಿಗುತ್ತದೆ, ಕೈ ಪಳಗುವುದಿಲ್ಲ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟ್. ಶಿಫ್ಟ್ ಕೆಲಸ ಮಾಡಿಕೊಂಡೇ ಇಷ್ಟನ್ನೂ ಮುಗಿಸಬಹುದು.

ಒಟ್ಟು ತೂಕ 7,500 ಕೆ.ಜಿ. ಮೀರದ ಬಾಡಿಗೆ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಹಾಗಾಗಿ ವಾರದ ರಜೆಯ ದಿನ ಪಿಕಪ್ಪೋ 407ರಂಥ ಟೆಂಪೋವೋ ಹಿಡಿದು ನೋಡಿ. ಕಾರು ಓಡಿಸಿದವರು ಲಾರಿಯಲ್ಲಿ ಮೊದಲು ತಪ್ಪುವುದು ತಿರುವಿನಲ್ಲಿ. ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಚರಂಡಿಯ ಕಲ್ಲು, ಬೈಕಿನವನ ಕಾಲು ಎರಡೂ ಇರುವುದು ಅಲ್ಲೇ.
– ಡ್ರೈವಿಂಗ್ ಸ್ಕೂಲ್ ಶಿಕ್ಷಕ, ಉಡುಪಿ

ಮಾರಾಯರೇ, ಲೈಸೆನ್ಸ್ ದೊಡ್ಡ ಮಾತಲ್ಲ, ಶಿರಾಡಿ ಘಾಟಿ ದೊಡ್ಡ ಮಾತು. ಪಣಂಬೂರಿನಲ್ಲಿ ಲೋಡಾದದ್ದು ಬೆಂಗಳೂರು ಕಡೆಗೆ ಹೋಗುವುದು ಹೆಚ್ಚಾಗಿ ಅದೇ ದಾರಿಯಲ್ಲಿ. ಹತ್ತುವಾಗ ಎಂಜಿನ್ ದಣಿಯುತ್ತದೆ ಅಷ್ಟೆ. ಲೋಡ್ ಹೇರಿಕೊಂಡು ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ಮಾತ್ರ ಡ್ರೈವರ್ ಯಾರೆಂದು ತಿಳಿಯುತ್ತದೆ. ಹತ್ತಲು ಯಾವ ಗೇರ್ ಬೇಕಾಯಿತೋ ಅದರಲ್ಲೇ ಇಳಿಯಬೇಕು, ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ನಡುವೆ ಬದಲಿಸಲು ಹೋಗಿ ಗೇರ್ ಕೂರದಿದ್ದರೆ ಗಾಡಿ ನ್ಯೂಟ್ರಲ್‌ನಲ್ಲಿ ಉರುಳುತ್ತದೆ. ಹೊಗೆಯ ದಾರಿ ಮುಚ್ಚಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್ ಹಿಡಿಯುವುದು ಎಂಜಿನ್ ಜೋರಾಗಿ ತಿರುಗುತ್ತಿದ್ದಾಗ. ದೊಡ್ಡ ಗೇರಿನಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಕಾಲು ಬ್ರೇಕಿನ ಮೇಲೆ ಮೆತ್ತಗೆ ಇಟ್ಟುಕೊಂಡೇ ಇಳಿಯುವುದು ಹೊಸಬರ ಚಾಳಿ. ಚಕ್ರದ ಬ್ರೇಕ್ ಡ್ರಮ್ ಕಾದು ಹಿಗ್ಗುತ್ತದೆ, ಅದಕ್ಕೆ ಉಜ್ಜುವ ಲೈನರಿನ ಹಿಡಿತ ಹೋಗುತ್ತದೆ, ಕಮಟು ವಾಸನೆ ಬರುತ್ತದೆ. ಪೇಪರಿನಲ್ಲಿ ಬರುವ ‘ಬ್ರೇಕ್ ಫೇಲ್’ ಬಹಳ ಸಲ ಇದೇ. ಗಟ್ಟಿಯಾಗಿ ಒತ್ತಿ, ವೇಗ ಹತ್ತು ಕಿ.ಮೀ. ಇಳಿದ ಕೂಡಲೇ ಪೂರ್ತಿ ಬಿಡಿ. ಹಾಗೆಂದು ಪಟಪಟನೆ ಪಂಪ್ ಮಾಡಬೇಡಿ, ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕ್ ಖಾಲಿಯಾಗುತ್ತದೆ. ಒತ್ತಡ ಕುಸಿದರೆ ಬಜರ್ ಕೂಗುತ್ತದೆ, ಇನ್ನೂ ಕುಸಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಕಚ್ಚಿ ಗಾಡಿ ರಸ್ತೆ ನಡುವೆ ನಿಲ್ಲುತ್ತದೆ. ಕಾದ ಡ್ರಮ್ಮಿಗೆ ನೀರು ಹೊಯ್ದರೆ ಬಿರುಕು ಬಿಡುತ್ತದೆ, ಬದಿಗೆ ನಿಲ್ಲಿಸಿ ಆರಲು ಬಿಡಿ. ನಮ್ಮ ಕರಾವಳಿಯ ತೇವದ ಗಾಳಿಗೆ ಟ್ಯಾಂಕಿನಲ್ಲಿ ನೀರು ಬೇಗ ಸೇರುತ್ತದೆ. ಬೆಳಗ್ಗೆ ಡ್ರೈನ್ ವಾಲ್ವ್ ಎಳೆಯುವುದು ಹಲ್ಲುಜ್ಜಿದಷ್ಟೇ ನಿತ್ಯದ ಕೆಲಸ.

ಮಳೆಗಾಲದಲ್ಲಿ ಗೊಬ್ಬರ, ಸಿಮೆಂಟ್ ಹಾಕಿದರೆ ಟಾರ್ಪಾಲನ್ನು ಹಿಂದಿನಿಂದ ಹೊದೆಸುತ್ತಾ ಬನ್ನಿ, ಮುಂದಿನ ತುಂಡು ಹಿಂದಿನದರ ಮೇಲೆ ಬರಬೇಕು. ಮಂಗಳೂರು ಹಂಚು ಹೊದೆಸಿದ ಹಾಗೆ, ಆದರೆ ಗಾಳಿಯ ಲೆಕ್ಕದಲ್ಲಿ. ತಿರುವು ಮುರುವಾದರೆ ಗಾಳಿ ಒಳಹೊಕ್ಕು ಎತ್ತಿಬಿಡುತ್ತದೆ. ಹಗ್ಗವನ್ನು 20–30 ಕಿ.ಮೀ. ಹೋದ ಮೇಲೆ ಮತ್ತೊಮ್ಮೆ ಬಿಗಿಯಿರಿ, ಲೋಡ್ ಕುಳಿತುಕೊಂಡಿರುತ್ತದೆ. ಒಬ್ಬ ಒಳ್ಳೆಯ ಡ್ರೈವರ್ ಜೊತೆ ಮೂರು ತಿಂಗಳು ಕ್ಲೀನರ್ ಆಗಿ ಹೋಗಿ. ಒಂಬತ್ತು ವರ್ಷ ಆಪರೇಟರ್ ಆಗಿದ್ದವನು ಕ್ಲೀನರ್ ಆಗುವುದೇ ಎಂದು ನಾಚಿಕೆಯಾದರೆ ಈ ಕೆಲಸ ಬೇಡ.
– ಹತ್ತು ಚಕ್ರದ ಲಾರಿ ಚಾಲಕ, ಬಿ.ಸಿ. ರೋಡ್

ನಿಮ್ಮ ಮನೆಯವರ ‘ಬೇಡ’ದಲ್ಲಿ ಲೆಕ್ಕ ಉಂಟು. ಫ್ಯಾಕ್ಟರಿಯಲ್ಲಿ ಹಣ ತಿಂಗಳಿಗೆ, ಇಲ್ಲಿ ಟ್ರಿಪ್ಪಿಗೆ. ಮಾಲಕರಲ್ಲಿ ಇಷ್ಟು ಕೇಳಿ: ತಿಂಗಳ ಸಂಬಳ ಬೇರೆಯೋ, ಬರೇ ಬತ್ತವೋ (ಟ್ರಿಪ್ಪಿನ ಭತ್ಯೆ)? ಬತ್ತದಲ್ಲಿ ಕ್ಲೀನರನ ಊಟ, ಪಂಕ್ಚರ್, ಹಮಾಲಿ ಸೇರಿದೆಯೋ? ಯಾರ್ಡಿನಲ್ಲಿ ಲೋಡಿಗೆ ಎರಡು ದಿನ ಕಾದರೆ ಆ ದಿನದ್ದು ಯಾರು ಕೊಡುತ್ತಾರೆ? ಡೀಸೆಲ್ ಆವರೇಜ್ ಕಮ್ಮಿಯಾದರೆ ಯಾರ ತಲೆಗೆ? ಉತ್ತರ ಬಾಯಿಮಾತಾದರೂ ಒಂದು ಡೈರಿಯಲ್ಲಿ ಬರೆದಿಡಿ.

ಓವರ್‌ಲೋಡ್ ವಿಷಯ. ಹತ್ತು ಚಕ್ರದ ಗಾಡಿಗೆ 2018ರಿಂದ ಲೋಡ್ ಸೇರಿ 28.5 ಟನ್. ಆರ್‌ಸಿಯಲ್ಲಿ ಖಾಲಿ ತೂಕ 9.5 ಎಂದಿದ್ದರೆ ಹಾಕಬಹುದಾದದ್ದು 19. ಎರಡು ಟನ್ ಜಾಸ್ತಿಯಾದರೆ ಕೇಂದ್ರ ಕಾಯ್ದೆಯ ಪ್ರಕಾರ ದಂಡ 20,000, ಜೊತೆಗೆ ಟನ್ನಿಗೆ 2,000ದಂತೆ 4,000, ಮತ್ತೆ ಹೆಚ್ಚುವರಿ ಮಾಲು ಅಲ್ಲೇ ಇಳಿಸಬೇಕು. ‘ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಮಾಲಕರು ರಾತ್ರಿ ಎರಡು ಗಂಟೆಗೆ ಫೋನ್ ಎತ್ತುತ್ತಾರೋ ಎಂಬುದನ್ನು ಅವರ ಹಳೆಯ ಡ್ರೈವರನ್ನೇ ಕೇಳಿ. ಕಾಂಟಾ ಚೀಟಿ (ತೂಕದ ಚೀಟಿ) ಕೈಗೆ ಬಾರದೆ ಗೇಟು ದಾಟಬೇಡಿ.

ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿಯ ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ಬೇರೆ ಲಾರಿಗೆ ಮಾಲು ಬದಲಿಸಿದರೆ ಭಾಗ ಬಿಯಲ್ಲಿ ಹೊಸ ನಂಬರ್ ಹಾಕಿಸಿಯೇ ಹೊರಡಿ. ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಲು ಅವಕಾಶ ಉಂಟು.

ಟ್ಯಾಂಕರ್ ಆಸೆಯಿದ್ದರೆ ಅದು ಬೇರೆ ದಾರಿ. ಪೆಟ್ರೋಲ್, ಗ್ಯಾಸ್ ಸಾಗಿಸಲು ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು, ಕನ್ನಡದ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಅಪಾಯ, ತಿರುವಿನಲ್ಲಿ ಒಳಗಿನ ದ್ರವ ಒಂದು ಬದಿಗೆ ನುಗ್ಗುತ್ತದೆ. 2013ರಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿ ಜನ ಸತ್ತದ್ದನ್ನು ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ.
– ಟ್ರಾನ್ಸ್‌ಪೋರ್ಟ್ ಆಫೀಸ್ ಗುಮಾಸ್ತೆ, ಪಣಂಬೂರು

ಮೇಲಿನವರು ಯಾರೂ ಹಳೆಯ ಕೆಲಸದ ಹಣದ ಬಗ್ಗೆ ಹೇಳಲಿಲ್ಲ. ಗ್ರ್ಯಾಚುಟಿ ವರ್ಷಕ್ಕೆ 15 ದಿನದ ಬೇಸಿಕ್ ಮತ್ತು ಡಿಎ, ತಿಂಗಳಿಗೆ 26 ದಿನದ ಲೆಕ್ಕ: 13,000 × 15 ÷ 26 = 7,500, ಒಂಬತ್ತು ವರ್ಷಕ್ಕೆ 67,500. ಪಿಎಫ್ ಪೆನ್ಶನ್ನಿಗೆ ಹತ್ತು ವರ್ಷದ ಸೇವೆ ಬೇಕು. ಈಗಲೇ ಬಿಟ್ಟು ಫಾರಂ 10ಸಿ ಹಾಕಿ ಹಣ ಎಳೆದರೆ ಆ ಒಂಬತ್ತು ವರ್ಷ ಹೋದ ಹಾಗೆಯೇ. ಹೆವಿ ಲೈಸೆನ್ಸಿಗೆ, ರಜೆಯ ದಿನದ ಅಭ್ಯಾಸಕ್ಕೆ ಹೇಗೂ ತಿಂಗಳುಗಳು ಬೇಕು, ಹತ್ತು ತುಂಬಿಸಿಯೇ ಹೊರಬನ್ನಿ. ಆಗದಿದ್ದರೆ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಮುಂದೆ ಪಿಎಫ್ ಇರುವ ಕೆಲಸ ಸಿಕ್ಕಿದರೆ ಸೇವೆ ಸೇರಿಕೊಳ್ಳುತ್ತದೆ. ಯುಎಎನ್ (ಪಿಎಫ್ ನಂಬರ್) ಹಳೆಯದೇ ಕೊಡಿ.

ಇಎಸ್‌ಐ (ಕಾರ್ಮಿಕರ ವಿಮೆ) ತಪ್ಪುವುದು ದೊಡ್ಡ ನಷ್ಟ. ಒಂದೆರಡು ಲಾರಿಯ ಮಾಲಕರಲ್ಲಿ ಅದು ಸಿಗುವುದು ಕಷ್ಟ. ಹಾಗಾಗಿ ಲಾರಿಯ ಇನ್ಶೂರೆನ್ಸ್ ಪಾಲಿಸಿ ತರಿಸಿ, ಸಂಬಳದ ಡ್ರೈವರ್ ಮತ್ತು ಕ್ಲೀನರಿಗೆ ಕವರ್ ಇದೆಯೋ, ತಾರೀಕು ಮುಗಿದಿದೆಯೋ ನೋಡಿ. ನೀವು ಅವರ ಡ್ರೈವರ್ ಎಂಬುದಕ್ಕೆ ಸಂಬಳವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ.
– ಲೆಕ್ಕಪತ್ರ ವಿಭಾಗದ ನೌಕರ, ಬೈಕಂಪಾಡಿ

ಮೀನಿನ ಲಾರಿಗೆ ಸೇರುವ ಯೋಚನೆಯಿದ್ದರೆ ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧ. ಆ ಎರಡು ತಿಂಗಳು ಬಂದರಿನಲ್ಲಿ ಲೋಡು ತೀರಾ ಕಮ್ಮಿ. ಆಗ ಏನು ಕೊಡುತ್ತಾರೆಂದು ಮೇ ತಿಂಗಳಲ್ಲಲ್ಲ, ಸೇರುವ ದಿನವೇ ಕೇಳಿ.
– ಓದುಗಿ, ಮಲ್ಪೆ