ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಅಗ್ಗದ ಮ್ಯಾನುವಲ್ ಲೆನ್ಸ್: ಫೋಕಸ್ ಹೊಂದಿಸುವುದು ಹೇಗೆ?

ಪ್ರಶ್ನೆ:
ಲೈಕಾ ಎಂ ಮೌಂಟಿನ (ಲೆನ್ಸ್ ಜೋಡಿಸುವ ಬಾಯಿಯ ಒಂದು ಮಾದರಿ) ನನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಕಡಿಮೆ ಬೆಲೆಯ 50 ಮಿ.ಮೀ. ಲೆನ್ಸ್ ಒಂದನ್ನು ಕೊಂಡಿದ್ದೇನೆ. ಇದರಲ್ಲಿ ಒಂದೇ ವಸ್ತುವಿನ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡಬೇಕು. ವ್ಯೂಫೈಂಡರಿನಲ್ಲಿ ಆ ಎರಡು ಬಿಂಬಗಳು ಸರಿಯಾಗಿ ಕೂಡಿದರೂ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ತೆಗೆದ ಭಾವಚಿತ್ರಗಳಲ್ಲಿ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿ ಮೂಡುತ್ತದೆ. ದೋಷ ಲೆನ್ಸಿನದೋ ಕ್ಯಾಮೆರಾದ್ದೋ ತಿಳಿಯುವುದು ಹೇಗೆ?

ಉತ್ತರ 1:
ನಿಖರವೆಂದು ಗೊತ್ತಿರುವ ಮತ್ತೊಂದು ಲೆನ್ಸ್ ಹಾಕಿ, ಬಹುದೂರದ ಕಂಬವನ್ನೂ ಒಂದು ಮೀಟರ್ ದೂರದ ಅಕ್ಷರಗಳನ್ನೂ ಪರೀಕ್ಷಿಸಿ. ಎರಡೂ ಸರಿಯಿದ್ದರೆ ದೋಷ ಹೊಸ ಲೆನ್ಸಿನದು; ಕ್ಯಾಮೆರಾದೊಳಗಿನ ರೋಲರನ್ನು (ಲೆನ್ಸಿನ ಚಲನೆಯನ್ನು ರೇಂಜ್‌ಫೈಂಡರಿಗೆ ತಲುಪಿಸುವ ಪುಟ್ಟ ಗಾಲಿ) ದಯವಿಟ್ಟು ಮುಟ್ಟಬೇಡಿ. ಒಂದು ಲೆನ್ಸಿಗಾಗಿ ಅದನ್ನು ತಿರುಗಿಸಿದರೆ ಉಳಿದೆಲ್ಲ ಲೆನ್ಸುಗಳ ಫೋಕಸ್ ಕೆಡುತ್ತದೆ.

ಉತ್ತರ 2:
ಲೆನ್ಸಿನ ಹಿಂಬದಿಯ ಕ್ಯಾಮ್ (ಫೋಕಸ್ ತಿರುಗಿಸಿದಂತೆ ಚಲಿಸುವ ಲೋಹದ ಭಾಗ) ಆ ರೋಲರನ್ನು ತಳ್ಳುವುದರಿಂದಲೇ ಬಿಂಬಗಳು ಸರಿದು ಕೂಡುತ್ತವೆ. ಸೆವೆನ್ ಆರ್ಟಿಸಾನ್ಸ್ 50 ಮಿ.ಮೀ. ಎಫ್/1.1ರಂತಹ ಕೆಲವು ಲೆನ್ಸುಗಳಲ್ಲಿ ಸಣ್ಣ ಸ್ಕ್ರೂಗಳನ್ನು ಸಡಿಲಿಸಿ ಕ್ಯಾಮನ್ನು ನಾವೇ ಹೊಂದಿಸಬಹುದು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿರಿಸಿ, ಓರೆಯಾಗಿಟ್ಟ ಅಳತೆಪಟ್ಟಿಯ ಒಂದು ಗೆರೆಯ ಮೇಲೆ ಬಿಂಬ ಕೂಡಿಸಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿ; ಕ್ಯಾಮನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ತೆಗೆಯಿರಿ. ಸ್ಕ್ರೂ ಬಿಗಿಯುವಾಗಲೇ ಕ್ಯಾಮ್ ಜಾರುವುದುಂಟು, ಆದ್ದರಿಂದ ಬಿಗಿದ ಮೇಲೆ ತೆಗೆದ ಚಿತ್ರವನ್ನಷ್ಟೇ ನಂಬಿ.

ಉತ್ತರ 3:
ಹತ್ತಿರಕ್ಕೆ ಹೊಂದಿಸಿದ ಬಳಿಕ ಅನಂತ ದೂರವನ್ನು ಮರುಪರೀಕ್ಷಿಸಿ. ಎರಡೂ ಒಟ್ಟಿಗೆ ಸರಿಹೋಗದಿದ್ದರೆ, ನೀವು ಹೆಚ್ಚು ಬಳಸುವ ದೂರಕ್ಕೇ ಹೊಂದಿಸುವುದು ಲೇಸು. ದೊಡ್ಡ ಅಪರ್ಚರಿನ ಲೆನ್ಸುಗಳಲ್ಲಿ ಅಪರ್ಚರನ್ನು ಕಿರಿದಾಗಿಸಿದಂತೆ ಫೋಕಸ್ ತುಸು ಸರಿಯುವುದೂ ಉಂಟು. ಅದು ಗೋಳೀಯ ವಿಪಥನದ (ಲೆನ್ಸಿನ ಅಂಚಿನ ಹಾಗೂ ನಡುವಿನ ಕಿರಣಗಳು ಒಂದೇ ಕಡೆ ಸೇರದಿರುವುದು) ಫಲವಾದ್ದರಿಂದ ಕ್ಯಾಮ್ ಹೊಂದಿಸಿ ನಿವಾರಿಸಲಾಗದು. ಅಂತಹ ಸಂದರ್ಭಗಳಲ್ಲಿ, ನಿಮ್ಮ ಕ್ಯಾಮೆರಾದಲ್ಲಿ ಲೈವ್ ವ್ಯೂ (ಸೆನ್ಸರ್ ಕಾಣುವ ಚಿತ್ರವನ್ನೇ ಪರದೆಯಲ್ಲಿ ತೋರಿಸುವ ವ್ಯವಸ್ಥೆ) ಇದ್ದರೆ ಅದನ್ನು ಬಳಸಿ, ಚಿತ್ರ ತೆಗೆಯುವ ಅಪರ್ಚರಿನಲ್ಲಿಯೇ ಫೋಕಸ್ ಮಾಡಿ.